ಮರಳುವ ದಾರಿ ಕಂಡೂ ಮರಳದವನು

ಕುರುಕ್ಷೇತ್ರದಲ್ಲಿ ಹೆಣಗಳ ನಡುವೆ ದೊರೆಯೊಬ್ಬ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದಾನೆ. ಹೆಗಲ ಮೇಲೆ ಗದೆ, ಆಸರೆಗೆ ಸಂಜಯ. ಹನ್ನೊಂದು ಅಕ್ಷೌಹಿಣಿ ಸೇನೆಯ ಒಡೆಯನಾಗಿದ್ದವನು ಈಗ ಹೆಜ್ಜೆ ಊರಲು ಜಾಗ ಹುಡುಕಬೇಕಾಗಿದೆ. ದಾರಿಯಲ್ಲಿ ಗುರು ದ್ರೋಣನ ದೇಹ ಸಿಗುತ್ತದೆ, ಆಮೇಲೆ ಅಭಿಮನ್ಯುವಿನದು. ಅಭಿಮನ್ಯು ವೈರಿಯ ಮಗ. ಹಲವರು ಸುತ್ತುಗಟ್ಟಿ ಆ ಹುಡುಗನನ್ನು ಮುಗಿಸಿದ್ದು ಈ ದೊರೆಯ ಕಡೆಯವರೇ. ಆದರೂ ದುರ್ಯೋಧನ ಅಲ್ಲಿ ನಿಲ್ಲುತ್ತಾನೆ, ಕೈಮುಗಿಯುತ್ತಾನೆ, ನಿನ್ನ ಸಾಹಸದಲ್ಲಿ ಒಂದಂಶ ಬೆರೆತ ಸಾವಾದರೂ ನನಗೆ ಬರಲಿ ಎಂದು ಕೇಳಿಕೊಳ್ಳುತ್ತಾನೆ. ಇದು ಸುಮಾರು 10ನೆಯ ಶತಮಾನದ ಕೊನೆಯ ಹೊತ್ತಿಗೆ ಮುಧೋಳದ ರನ್ನ ಬರೆದ ‘ಗದಾಯುದ್ಧ’ದ ದೃಶ್ಯ. ಈ ಕಾವ್ಯಕ್ಕೆ ‘ಸಾಹಸಭೀಮ ವಿಜಯ’ ಎಂಬ ಇನ್ನೊಂದು ಹೆಸರೂ ಇದೆ. ಅಲ್ಲಿ ನಾಯಕ ಭೀಮ. ಆ ಭೀಮನೊಂದಿಗೆ ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಒಂದು ಮಾಡಿ ಹಾಡುವುದು ಕವಿಯ ಉದ್ದೇಶ. ಹಾಗಿದ್ದೂ ಸಾವಿರ ವರ್ಷಗಳಿಂದ ಕನ್ನಡ ಓದುಗರ ಎದೆಯಲ್ಲಿ ಉಳಿದವನು ದುರ್ಯೋಧನ. ಬಿ.ಎಂ.ಶ್ರೀ. ಈ ಕಾವ್ಯವನ್ನು ನಾಟಕವಾಗಿಸಿದಾಗ ಗ್ರೀಕರ ದುರಂತ ನಾಟಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅವನನ್ನೇ ನಡುರಂಗದಲ್ಲಿ ನಿಲ್ಲಿಸಿದರು. ಗೆಲ್ಲಬೇಕಾದವನಿಗೆ ಸಿಗದ ಜಾಗ ಸೋಲಬೇಕಾದವನಿಗೆ ಸಿಕ್ಕಿದ್ದು ಹೇಗೆ?

ಖಳನಾಯಕ ಎಂದಾಕ್ಷಣ ನಮಗೆ ಮೊದಲು ನೆನಪಾಗುವುದು ಅವನ ಕ್ರೌರ್ಯ, ಅವನ ಬಲ, ಅವನ ಅಬ್ಬರದ ನಗೆ. ಕಥೆ ಬರೆಯುವವರೂ ಬಹಳ ಸಲ ಇದನ್ನೇ ನಂಬಿ ಒಂದು ಕೊಲೆಯ ಜಾಗದಲ್ಲಿ ಹತ್ತು ಕೊಲೆ ಮಾಡಿಸುತ್ತಾರೆ. ಆದರೆ ಕೊಲೆ ಹೆಚ್ಚಿದಷ್ಟೂ ಖಳ ದೊಡ್ಡವನಾಗುವುದಿಲ್ಲ. ಹೆಚ್ಚೆಂದರೆ ನಾವು ಅವನನ್ನು ನೋಡಿ ಬೆಚ್ಚುತ್ತೇವೆ, ಪುಸ್ತಕ ಮುಚ್ಚಿದ ಮೇಲೆ ಮರೆಯುತ್ತೇವೆ. ನಮ್ಮನ್ನು ಬಿಡದೆ ಕಾಡುವ ಖಳನಲ್ಲಿ ಬೇರೆಯದೇ ಒಂದು ಸಂಗತಿ ಇರುತ್ತದೆ. ಅವನಿಗೆ ಮರಳುವ ದಾರಿ ಕಾಣುತ್ತಿರುತ್ತದೆ. ಯಾರೋ ಅದನ್ನು ಬೆರಳು ಮಾಡಿ ತೋರಿಸುತ್ತಾರೆ, ಅವನೂ ಅದನ್ನು ಕಣ್ಣಾರೆ ನೋಡುತ್ತಾನೆ, ನೋಡಿಯೂ ಆ ಕಡೆ ತಿರುಗುವುದಿಲ್ಲ. ತಿರುಗದಿರಲು ಅವನು ಕೊಡುವ ಕಾರಣವಾದರೂ ಕೆಟ್ಟದ್ದಲ್ಲ: ಸ್ನೇಹ, ಮಾನ, ಕೊಟ್ಟ ಮಾತು, ಛಲ. ನಮ್ಮ ಮಕ್ಕಳಲ್ಲಿ ಇರಲಿ ಎಂದು ನಾವೇ ಹಾರೈಸುವ ಗುಣಗಳು ಇವು. ಒಳ್ಳೆಯ ಗುಣವೊಂದು ಮನುಷ್ಯನನ್ನು ಕೆಟ್ಟ ಕಡೆಗೆ ಕೈಹಿಡಿದು ನಡೆಸಿಕೊಂಡು ಹೋಗುವುದನ್ನು ನೋಡುವಾಗ ಆಗುವ ತಳಮಳವೇ ದೊಡ್ಡ ಖಳನಾಯಕನ ನಿಜವಾದ ಬಲ ಎಂಬುದು ನನ್ನ ವಾದ.

ಹಳೆಯ ಕಾವ್ಯಶಾಸ್ತ್ರ ಈ ವಿಷಯವನ್ನು ಮುಟ್ಟಿದೆ, ಆದರೆ ಅರ್ಧ ದಾರಿಯಲ್ಲೇ ನಿಂತಿದೆ. ಧನಂಜಯನ ‘ದಶರೂಪಕ’ ಪ್ರತಿನಾಯಕನ ಲಕ್ಷಣ ಹೇಳುವಾಗ ಲೋಭಿ, ಉದ್ಧತ, ಹಟಮಾರಿ, ಪಾಪಿ, ವ್ಯಸನಿ ಎಂದು ಪಟ್ಟಿ ಕೊಟ್ಟು ಮುಗಿಸುತ್ತದೆ. ನಮ್ಮ ‘ಕವಿರಾಜಮಾರ್ಗ’ಕ್ಕೆ ಆಧಾರವಾದ ‘ಕಾವ್ಯಾದರ್ಶ’ದಲ್ಲಿ ದಂಡಿ ಇನ್ನಷ್ಟು ಸೂಕ್ಷ್ಮವಾಗಿ ಯೋಚಿಸುತ್ತಾನೆ. ಶತ್ರುವಿನ ವಂಶ, ಪರಾಕ್ರಮ, ವಿದ್ಯೆಗಳನ್ನು ಹೊಗಳಿ, ಅಂಥವನನ್ನು ನಾಯಕ ಗೆದ್ದನೆಂದು ಹೇಳುವ ಬಗೆಯೂ ತನಗೆ ಹಿತವೆನ್ನುತ್ತಾನೆ. ಅಂದರೆ ಬೆಟ್ಟ ಎತ್ತರವಿದ್ದಷ್ಟೂ ಹತ್ತಿದವನ ಕೀರ್ತಿ ಹೆಚ್ಚು. ಈ ಮಾತು ಸುಳ್ಳಲ್ಲ. ಆದರೆ ಇಲ್ಲಿ ಶತ್ರು ನಾಯಕನನ್ನು ಮೇಲೆತ್ತುವ ಮೆಟ್ಟಿಲು ಮಾತ್ರ. ರನ್ನನೂ ಈ ಲೆಕ್ಕದಿಂದಲೇ ಹೊರಟಿರಬಹುದು, ದುರ್ಯೋಧನನನ್ನು ಎತ್ತರಿಸಿದರೆ ಭೀಮ ಇನ್ನೂ ಎತ್ತರವಾಗುತ್ತಾನೆಂದು ಎಣಿಸಿರಬಹುದು. ಬರೆಯುತ್ತ ಹೋದಂತೆ ಮೆಟ್ಟಿಲಿಗೇ ಜೀವ ಬಂತು. ಅವನಿಗಿಂತ ಮೊದಲು, 941ರ ಸುಮಾರಿಗೆ, ಪಂಪ ಭಾರತಕ್ಕೆ ಹಿರಿಮೆ ತಂದವರನ್ನು ಎಣಿಸುವಾಗ ಛಲಕ್ಕೆ ದುರ್ಯೋಧನನ ಹೆಸರನ್ನೇ ಹೇಳಿದ್ದ. ರನ್ನ ಆ ಒಂದು ಗುಣವನ್ನು ಹಿಡಿದು ಅದರ ಬುಡದವರೆಗೂ ಇಳಿದ.

ಇಳಿದದ್ದು ಹೇಗೆಂದು ಹತ್ತಿರದಿಂದ ನೋಡಬೇಕು. ರಣರಂಗಕ್ಕೆ ಹೊರಡುವ ಮೊದಲೇ ಧೃತರಾಷ್ಟ್ರ, ಗಾಂಧಾರಿ ಮಗನ ಬಳಿಗೆ ಬಂದು ಅಂಗಲಾಚುತ್ತಾರೆ: ಹೋದವರು ಹೋದರು, ನೀನೊಬ್ಬ ಉಳಿದರೆ ಸಾಕು, ಸಂಧಿ ಮಾಡಿಕೊ. ಶರಶಯ್ಯೆಯ ಮೇಲಿನ ಭೀಷ್ಮ ಹೇಳುವುದೂ ಅದನ್ನೇ. ಎರಡು ಸಲ ಬಾಗಿಲು ತೆರೆಯುತ್ತದೆ, ಎರಡೂ ಸಲ ದುರ್ಯೋಧನ ಒಲ್ಲೆನೆನ್ನುತ್ತಾನೆ. ರಾಜ್ಯದ ಆಸೆಯಿಂದ ಹಾಗೆಂದಿದ್ದರೆ ಅವನು ಸಾಮಾನ್ಯ ಲೋಭಿಯಾಗಿ ಉಳಿಯುತ್ತಿದ್ದ. ಅವನ ಮಾತೇ ಬೇರೆ. ಕರ್ಣನೊಡನೆ, ದುಶ್ಶಾಸನನೊಡನೆ ಬಾಳಿದ ಈ ನೆಲ ಅವರಿಲ್ಲದ ಮೇಲೆ ತನಗೆ ಪಾಳುಭೂಮಿ. ತಾನು ನೆಲಕ್ಕಾಗಿ ಕಾದುತ್ತಿಲ್ಲ, ಛಲಕ್ಕಾಗಿ ಕಾದುತ್ತಿದ್ದೇನೆ ಎನ್ನುತ್ತಾನೆ. ಮಗ ಲಕ್ಷಣಕುಮಾರನ ಹೆಣದ ಮುಂದೆ, ತಂದೆಗೆ ಮಗ ಬಿಡಬೇಕಾದ ತರ್ಪಣದ ನೀರನ್ನು ಮಗನಿಗೆ ತಂದೆಯೇ ಬಿಡಬೇಕಾಗಿ ಬಂದ ಅದಲುಬದಲಿಗೆ ಕೊರಗುತ್ತಾನೆ. ದುಶ್ಶಾಸನನ ಹೆಣದ ಮುಂದೆಯೂ ಅದೇ ದುಃಖ: ತಾಯಿಯ ಹಾಲಿನಲ್ಲಿ ತಾನು ಮೊದಲು, ತಮ್ಮ ಆಮೇಲೆ, ಸಾವಿನಲ್ಲಿ ಮಾತ್ರ ಸರದಿ ತಪ್ಪಿತು. ಕರ್ಣನ ಮುಂದೆ ನಿಂತಾಗ, ಇವನು ಕುಂತಿಯ ಮಗನೆಂಬ ಗುಟ್ಟು ತನಗೂ ಗೊತ್ತಿತ್ತೆಂದು ಬಾಯಿಬಿಡುತ್ತಾನೆ. ಪಾಂಡವರ ಹಿರಿಯಣ್ಣನೆಂದು ತಿಳಿದೂ ಅವನನ್ನು ಎದೆಗವಚಿಕೊಂಡಿದ್ದವನು ಇವನು. ಇಷ್ಟನ್ನೂ ಕೇಳಿದ ಮೇಲೆ ಓದುಗನಿಗೆ ಒಂದು ಇಕ್ಕಟ್ಟು ಎದುರಾಗುತ್ತದೆ. ಈಗ ಸಂಧಿಗೆ ಒಪ್ಪಿಕೊ ಎಂದು ಅವನಿಗೆ ಹೇಳಬೇಕೆನಿಸುತ್ತದೆ. ಒಪ್ಪಿಕೊಂಡರೆ ಸತ್ತವರಿಗೆ ಇವನು ಎರಡು ಬಗೆದಂತಾಯಿತಲ್ಲ ಎಂದೂ ಅನಿಸುತ್ತದೆ. ಕೆಟ್ಟವನ ಜಾಗದಲ್ಲಿ ನಿಂತು ಹೀಗೆ ಒದ್ದಾಡುವಂತೆ ಮಾಡಿದಾಗ ಕವಿಯ ಕೆಲಸ ಆಯಿತು.

ನಾಗಚಂದ್ರನ ರಾವಣನಲ್ಲಿ ಇದೇ ತತ್ವ ಇನ್ನಷ್ಟು ನಿಚ್ಚಳವಾಗಿದೆ. ಅಭಿನವಪಂಪನೆಂದು ಹೆಸರಾದ ಈ ಕವಿಯ ‘ರಾಮಚಂದ್ರಚರಿತ ಪುರಾಣ’ ಜೈನ ರಾಮಾಯಣ. ಇಲ್ಲಿ ರಾವಣನಿಗೆ ಹತ್ತು ತಲೆಯ ರಾಕ್ಷಸತನವಿಲ್ಲ. ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲವೆಂದು ವ್ರತ ತೊಟ್ಟವನು. ಪರರ ಹೆಂಡತಿಯೊಬ್ಬಳು ತಾನಾಗಿ ಬಯಸಿ ಬಂದಾಗ ಬುದ್ಧಿ ಹೇಳಿ ಕಳಿಸಿದವನು. ಅಂಥವನ ಮನಸ್ಸು ಸೀತೆಯನ್ನು ಕಂಡು ಜಾರುತ್ತದೆ. ಕಡಲು ಕೂಡ ಒಮ್ಮೆ ಎಲ್ಲೆ ಮೀರುವುದುಂಟಲ್ಲ ಎಂಬ ಧಾಟಿಯಲ್ಲಿ ಕವಿ ಮರುಗುತ್ತಾನೆ. ಮುಂದೆ ರಾಮನಿಗೆ ಒದಗುವ ಕೇಡನ್ನು ನೆನೆದು ಸೀತೆ ಮೂರ್ಛೆ ಹೋದಾಗ ರಾವಣನ ಕಣ್ಣು ತೆರೆಯುತ್ತದೆ. ಒಲಿದ ಇಬ್ಬರನ್ನು ಅಗಲಿಸಿದೆನಲ್ಲ ಎಂದು ತನ್ನನ್ನೇ ಹಳಿದುಕೊಳ್ಳುತ್ತಾನೆ, ಅವಳನ್ನು ಒಪ್ಪಿಸಿಬಿಡಬೇಕೆಂದು ನಿಶ್ಚಯಿಸುತ್ತಾನೆ. ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಮುಗಿಯುವುದಿಲ್ಲ, ಏಕೆಂದರೆ ಈಗಲೇ ಒಪ್ಪಿಸಿದರೆ ಹೆದರಿ ಕೊಟ್ಟನೆಂದು ಲೋಕ ಆಡಿಕೊಳ್ಳುತ್ತದೆ; ಮೊದಲು ರಾಮ ಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿಯುತ್ತೇನೆ, ಆಮೇಲೆ ಸೀತೆಯನ್ನು ಅವರ ಕೈಗೆ ಕೊಡುತ್ತೇನೆ ಎಂದು ಅವನು ಯೋಚಿಸುತ್ತಾನೆ. ಮನಸ್ಸು ತಿರುಗಿತು, ಹೆಜ್ಜೆ ತಿರುಗಲಿಲ್ಲ. ನಾಲ್ಕು ಜನ ಏನಂದಾರು ಎಂಬ ಒಂದೇ ಅಂಜಿಕೆ ನಡುವೆ ನಿಂತಿತು. ತಪ್ಪು ಗೊತ್ತಾದ ಮೇಲೂ ಆ ಅಂಜಿಕೆಯಿಂದ ತಿದ್ದಿಕೊಳ್ಳದೆ ದಿನ ದೂಡುವವರು ಪ್ರತಿ ಮನೆಯಲ್ಲೂ ಇದ್ದಾರೆ. ತೀ.ನಂ.ಶ್ರೀ. ಈ ರಾವಣನನ್ನು ದುರಂತ ನಾಯಕನೆಂದು ಗುರುತಿಸಿದ್ದು ಸರಿಯಾಗಿಯೇ ಇದೆ.

ಬರಹದಲ್ಲಿ ಕವಿ ಮಾಡುವ ಈ ಕೆಲಸವನ್ನು ನಮ್ಮ ಕರಾವಳಿ, ಮಲೆನಾಡು, ಕಾಸರಗೋಡಿನ ತಾಳಮದ್ದಳೆ ಬರಿಯ ಮಾತಿನಲ್ಲಿ ಮಾಡುತ್ತದೆ. ಯಕ್ಷಗಾನದ ಬಣ್ಣದ ವೇಷಕ್ಕೆ ಮುಖವರ್ಣಿಕೆಯಿದೆ, ದೊಡ್ಡ ಕಿರೀಟವಿದೆ, ತೆರೆಯ ಹಿಂದಿನಿಂದ ಅಬ್ಬರಿಸುತ್ತ ಬರುವ ಒಡ್ಡೋಲಗವಿದೆ. ಮಕ್ಕಳು ಬೆದರಲು ಅಷ್ಟು ಸಾಕು. ತಾಳಮದ್ದಳೆಯಲ್ಲಿ ಇದ್ಯಾವುದೂ ಇಲ್ಲ. ಭಾಗವತರು ಪದ ಹೇಳುತ್ತಾರೆ, ಪಂಚೆ ಶಾಲಿನ ಅರ್ಥಧಾರಿ ಕುಳಿತಲ್ಲೇ ಮಾತಾಡುತ್ತಾನೆ. ‘ಕೃಷ್ಣಸಂಧಾನ’ ಪ್ರಸಂಗವನ್ನೇ ತೆಗೆದುಕೊಳ್ಳಿ. ಐದು ಗ್ರಾಮ ಕೊಟ್ಟು ಯುದ್ಧ ತಪ್ಪಿಸು ಎಂದು ಕೃಷ್ಣ ಬರುತ್ತಾನೆ. ಇದಕ್ಕಿಂತ ಅಗ್ಗದ ಮರಳುದಾರಿ ಇರಲಾರದು. ಕೌರವನ ಅರ್ಥ ಹೇಳುವವನು ಅದನ್ನು ಯಾಕೆ ಒಲ್ಲೆನೆಂಬುದಕ್ಕೆ ಸಭೆ ತಲೆದೂಗುವಂಥ ಕಾರಣ ಕೊಡಬೇಕು. ಜೂಜಿಗೆ ಕುಳಿತವನು ತನ್ನ ಒಪ್ಪಿಗೆಯಿಂದಲೇ ಕುಳಿತನಲ್ಲವೇ, ಸೋತದ್ದು ಐದು ಗ್ರಾಮವೇ ಅಥವಾ ಇಡೀ ರಾಜ್ಯವೇ, ಭಿಕ್ಷೆಯೆಂದು ಕೇಳುತ್ತೀಯೋ ಹಕ್ಕೆಂದು ಕೇಳುತ್ತೀಯೋ ಎಂದು ಅವನು ಕೃಷ್ಣನನ್ನು ಕಟ್ಟಿಹಾಕಬೇಕು. ರಾವಣ, ಮಾಗಧರಂಥ ಪ್ರತಿನಾಯಕರ ಪಾತ್ರಗಳಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು ಪಡೆದ ಹೆಸರಿನ ಹಿಂದೆ ಇರುವುದು ಈ ವಾದದ ಕಸುವು. ಕೌರವನ ಅರ್ಥ ಸಪ್ಪೆಯಾದ ದಿನ ಕೃಷ್ಣನ ಮಾತಿಗೂ ರುಚಿ ಇರುವುದಿಲ್ಲ. ತನ್ನ ಕಣ್ಣಿಗೆ ತಾನು ಕೆಟ್ಟವನಾಗಿ ಕಾಣದವನು ಮಾತ್ರ ಅಷ್ಟು ಚೆನ್ನಾಗಿ ವಾದಿಸಬಲ್ಲ.

ಇದಕ್ಕೆ ಬಲವಾದ ಆಕ್ಷೇಪಣೆಯೊಂದಿದೆ. ಯಾವ ಕಾರಣವನ್ನೂ ಕೊಡದ, ಎಂದೂ ಹಿಂದೆಮುಂದೆ ನೋಡದ ಖಳರೂ ಮನಸ್ಸಿನಲ್ಲಿ ಉಳಿದಿಲ್ಲವೇ? 1975ರ ‘ಶೋಲೆ’ ಚಿತ್ರದ ಗಬ್ಬರ್ ಸಿಂಗ್ ಹಾಗೆ ಉಳಿದವನು. ನಮ್ಮ ರಾಮನಗರದ ಬಂಡೆಗಳ ನಡುವೆಯೇ ಅಮ್ಜದ್ ಖಾನ್ ಆ ಪಾತ್ರವನ್ನು ಮಾಡಿದ್ದು. ಬರಿಗೈಯಲ್ಲಿ ಬಂದ ತನ್ನ ಮೂವರು ಬಂಟರನ್ನು ಅವನು ವಿಚಾರಿಸುವ ದೃಶ್ಯ ನೆನೆಯಿರಿ. ಆರು ಗುಂಡು, ಮೂವರು ಜನ, ಇದು ಅನ್ಯಾಯವೆಂದು ಮೂರು ಗುಂಡುಗಳನ್ನು ಗಾಳಿಗೆ ಹಾರಿಸುತ್ತಾನೆ. ಉಳಿದ ಮೂರರ ಮೇಲೆ ಚಕ್ರ ತಿರುಗಿಸಿ ಒಬ್ಬೊಬ್ಬನ ತಲೆಗೂ ಗುರಿಯಿಡುತ್ತಾನೆ, ಮೂವರೂ ಬದುಕುತ್ತಾರೆ. ನಗುತ್ತಾನೆ, ಅವರನ್ನೂ ನಗಿಸುತ್ತಾನೆ, ನಗುತ್ತಿರುವಾಗಲೇ ಕೊಲ್ಲುತ್ತಾನೆ. ಇಲ್ಲಿ ಮರಳುವ ದಾರಿ ಎಲ್ಲಿದೆ? ಅದು ಆ ನಗೆಯಲ್ಲೇ ಇದೆ ಎಂದು ನನಗನಿಸುತ್ತದೆ. ವಿಧಿಯೇ ಬಿಟ್ಟುಕೊಟ್ಟವರನ್ನು ತಾನೂ ಬಿಟ್ಟುಕೊಡಬಹುದಾದ ಒಂದು ಗಳಿಗೆಯನ್ನು ಚಿತ್ರ ಬೇಕೆಂದೇ ಎಳೆದು ತೋರಿಸುತ್ತದೆ, ಆಮೇಲೆ ಅದನ್ನು ಕಿತ್ತುಕೊಳ್ಳುತ್ತದೆ. ಹಾಗಿದ್ದರೂ ಒಂದು ವ್ಯತ್ಯಾಸವನ್ನು ಒಪ್ಪಲೇಬೇಕು. ಗಬ್ಬರ್‌ನ ದನಿ, ನಡಿಗೆ, ಬೆಲ್ಟನ್ನು ಬಂಡೆಯ ಮೇಲೆ ಎಳೆಯುವ ಸದ್ದು ನಮಗೆ ನೆನಪಿವೆ. ನಾನು ಅವನ ಜಾಗದಲ್ಲಿದ್ದರೆ ಎಂದು ಯಾರೂ ನಿದ್ದೆ ಕೆಡಿಸಿಕೊಳ್ಳುವುದಿಲ್ಲ. ದುರ್ಯೋಧನ ಆ ನಿದ್ದೆಯನ್ನೂ ಕೆಡಿಸುತ್ತಾನೆ.

ಈಚಿನ ಸಿನಿಮಾ, ಧಾರಾವಾಹಿಗಳು ಇನ್ನೊಂದು ದಾರಿ ಹಿಡಿದಿವೆ. ಖಳನಿಗೆ ನೊಂದ ಬಾಲ್ಯವೊಂದನ್ನು ಕೊಡುತ್ತವೆ: ಅಪ್ಪನ ಹೊಡೆತ, ಊರಿನ ಅವಮಾನ, ಕಣ್ಣೆದುರು ಸತ್ತ ತಾಯಿ. ಕಾರಣ ಸಿಕ್ಕಿತು, ಪಾತ್ರಕ್ಕೆ ಆಳ ಬಂತು ಎಂದು ಬರೆಯುವವರು ನೆಮ್ಮದಿಯಾಗುತ್ತಾರೆ. ಆಗುವುದು ಇದರ ತಿರುಗುಮುರುಗು. ಹೀಗಾದ್ದರಿಂದ ಹಾಗಾದ ಎಂದಮೇಲೆ ಅವನ ಕೈಯಲ್ಲಿ ಏನೂ ಇರಲಿಲ್ಲವೆಂದಾಯಿತು. ಆಯ್ಕೆಯೇ ಇಲ್ಲದವನನ್ನು ಕಂಡು ಅಯ್ಯೋ ಅನ್ನಬಹುದು, ಅವನ ಮುಂದೆ ನಡುಗಲಾಗದು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956) ಇದನ್ನು ಬಹಳ ಚೆನ್ನಾಗಿ ತಿಳಿದ ಕಾದಂಬರಿ. 1834ರಲ್ಲಿ ಇಂಗ್ಲಿಷರ ಕೈಗೆ ರಾಜ್ಯ ಕಳೆದುಕೊಂಡ ಕೊಡಗಿನ ಕೊನೆಯ ಅರಸನ ಕಥೆ ಅದು. ಅವನು ಕೆಟ್ಟು ಬೆಳೆದದ್ದನ್ನು ಮಾಸ್ತಿ ಮರೆಮಾಚುವುದಿಲ್ಲ. ಆದರೆ ರಾಣಿ ಗೌರಮ್ಮನ ತಾಳ್ಮೆ, ಮಂತ್ರಿಗಳಾದ ಬೋಪಣ್ಣ, ಲಕ್ಷ್ಮೀನಾರಾಯಣಯ್ಯರ ಎಚ್ಚರಿಕೆಯ ಮಾತು ಅವನ ಸುತ್ತ ಕೊನೆಯವರೆಗೂ ಇರುತ್ತವೆ. ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದ ಒಳ್ಳೆಯತನವನ್ನು ಅವನು ದಿನದಿನವೂ ತಳ್ಳಿಹಾಕುವುದೇ ಆ ಕಾದಂಬರಿಯ ನೋವು.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪಣೆ ನೀತಿಯದು. ಖಳನಿಗೆ ಇಷ್ಟು ಮರುಗಿದರೆ ಅವನಿಂದ ನೊಂದವರ ಗತಿಯೇನು? ಬಿಚ್ಚಿದ ಮುಡಿಯ ದ್ರೌಪದಿಯನ್ನು ಮರೆತು ದುರ್ಯೋಧನನಿಗೆ ಕಣ್ಣೀರಿಡುವುದು ತಪ್ಪಲ್ಲವೇ? ತಾಳಮದ್ದಳೆಯ ಸಭೆಯಲ್ಲೂ ಕೌರವನ ವಾದದ ಸೊಗಸಿಗೆ ಮರುಳಾಗಿ ಜೂಜಿನ ಸಭೆಯಲ್ಲಿ ಏನು ನಡೆಯಿತೆಂಬುದನ್ನೇ ಮರೆಯುವವರಿದ್ದಾರೆ, ಸುಳ್ಳಲ್ಲ. ರನ್ನ ಇದಕ್ಕೆ ಉತ್ತರವನ್ನು ಕಾವ್ಯದ ಮೊದಲಿಗೇ ಕೊಟ್ಟಿದ್ದಾನೆ. ಕಥೆ ಶುರುವಾಗುವುದು ದ್ರೌಪದಿಯ ಅಳಲಿನಿಂದ, ಭೀಮನ ಪ್ರತಿಜ್ಞೆಯಿಂದ. ಅವಳ ಮುಡಿ ಕಟ್ಟುವುದು ಬಾಕಿಯಿದೆ ಎಂಬುದನ್ನು ನೆನಪಿಟ್ಟುಕೊಂಡೇ ನಾವು ದುರ್ಯೋಧನನ ಹಿಂದೆ ಹೆಣಗಳ ನಡುವೆ ನಡೆಯುತ್ತೇವೆ. ಅವನ ಮೇಲೆ ಮರುಕ ಹುಟ್ಟಿದರೂ ಅವನ ಲೆಕ್ಕ ಚುಕ್ತಾ ಆಗುವುದಿಲ್ಲ. ನೊಂದವರ ದನಿಯನ್ನು ಅಡಗಿಸಿ ಖಳನನ್ನು ಚೆಂದ ಮಾಡುವ ಕಥೆ ನಿಜವಾಗಿಯೂ ಅಪಾಯಕಾರಿ. ಎರಡೂ ದನಿಯನ್ನು ಒಟ್ಟಿಗೆ ಕೇಳಿಸುವ ಕಥೆ, ಒಳ್ಳೆಯ ಗುಣಗಳಿರುವವನೂ ಎಂಥ ಕೆಲಸ ಮಾಡಬಲ್ಲನೆಂದು ತೋರಿಸುತ್ತದೆ. ಕೆಟ್ಟವರೆಂದರೆ ಕೋರೆಹಲ್ಲಿನವರು ಎಂದು ನಂಬಿದ ಓದುಗನಿಗೆ ತನ್ನೊಳಗಿನ ಛಲವನ್ನು ಅನುಮಾನಿಸುವ ಸಂದರ್ಭವೇ ಬರುವುದಿಲ್ಲ.

ರನ್ನನ ದುರ್ಯೋಧನನಿಗೆ ಇನ್ನೂ ಒಂದು ಬಾಗಿಲು ಉಳಿದಿತ್ತು. ಸಂಧಿಗೆ ಒಪ್ಪದವನಿಗೆ ಭೀಷ್ಮ ಹೇಳುವ ಕೊನೆಯ ಉಪಾಯ ಅದು: ಈ ಒಂದು ದಿನ ವೈಶಂಪಾಯನ ಸರೋವರದಲ್ಲಿ ಅಡಗಿರು, ನಾಳೆ ಬಲರಾಮ ಮೊದಲಾದವರು ಬಂದು ಕೂಡುತ್ತಾರೆ. ಅಜ್ಜನ ಮಾತಿಗೆ ಕಟ್ಟುಬಿದ್ದು ಅವನು ನೀರಿಗಿಳಿಯುತ್ತಾನೆ. ಪಾಂಡವರು ಹುಡುಕುತ್ತ ದಡಕ್ಕೆ ಬರುತ್ತಾರೆ, ಭೀಮ ಮೂದಲಿಸಿ ಕೂಗುತ್ತಾನೆ. ಆ ಕೂಗು ನೀರಿನೊಳಕ್ಕೂ ಮುಟ್ಟುತ್ತದೆ, ತಣ್ಣನೆಯ ಕೊಳದ ತಳದಲ್ಲಿ ಕುಳಿತವನ ಮೈ ಬೆವರುತ್ತದೆ. ಸುಮ್ಮನಿದ್ದರೆ ಹೊತ್ತು ಕಳೆಯುತ್ತಿತ್ತು. ಅವನು ಗದೆ ಹಿಡಿದು ನೀರನ್ನು ಸೀಳಿಕೊಂಡು ಮೇಲೆದ್ದು ಬರುತ್ತಾನೆ.