ಮೇಲಿನ ಬಚ್ಚಲಿಗೆ ಸುಡುನೀರು, ಕೆಳಗಿನದಕ್ಕೆ ತಣ್ಣೀರು

ಮನೆಯನ್ನೇ ಬೆಚ್ಚಗಿಡುವ ಯಂತ್ರ ಬೆಂಗಳೂರಿಗೆ ಬೇಕಿಲ್ಲ. ಈ ಊರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಇಲ್ಲಿ ಚಳಿ ಕಾಡುವುದು ಬೆಳಗಿನ ಸ್ನಾನದ ಹೊತ್ತಿಗೆ. ಇಂದಿರಾನಗರದ ಮೂರಂತಸ್ತಿನ ಮನೆಯಾಗಲಿ, ಕೆ.ಆರ್. ಪುರದ ಬಾಡಿಗೆ ಕಟ್ಟಡವಾಗಲಿ, ತಾರಸಿಯ ಒಂದೇ ಸೋಲಾರ್‌ನಿಂದ ಎಲ್ಲ ಬಚ್ಚಲುಗಳಿಗೂ ಬಿಸಿನೀರು ಇಳಿಯಬೇಕು. ಡಿಸೆಂಬರ್ ಬಂತೆಂದರೆ ದೂರು ಶುರು: ಮೇಲಿನವರಿಗೆ ಸುಡುನೀರು, ಕೆಳಗಿನವರಿಗೆ ತಣ್ಣೀರು. ‘ಪ್ಯಾನಲ್ ಹೋಗಿದೆ, ಬದಲಾಯಿಸಿ’ ಎಂಬ ಸಲಹೆಯೂ ಜೊತೆಗೇ ಬರುತ್ತದೆ. ಆದರೆ ಒಂದು ಬಚ್ಚಲಿಗೆ ಬಿಸಿನೀರು ಬರುತ್ತಿದೆ ಎಂದಾದರೆ ಪ್ಯಾನಲ್ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಹುಡುಕಬೇಕಾದದ್ದು ಪೈಪಿನಲ್ಲಿ.

ಸಾಮಾನ್ಯ ಸೋಲಾರ್‌ನಲ್ಲಿ ಪಂಪ್ ಇರುವುದಿಲ್ಲ. ಸಾವಿರ ಲೀಟರ್ ನೀರು 20 ಡಿಗ್ರಿಯಲ್ಲಿ 998 ಕೆ.ಜಿ. ತೂಗಿದರೆ, 60 ಡಿಗ್ರಿಯಲ್ಲಿ 983 ಕೆ.ಜಿ. ತೂಗುತ್ತದೆ. ಕಾದ ನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಟ್ಯಾಂಕಿನ ತಳದಿಂದ ಪ್ಯಾನಲ್‌ಗೆ ಇಳಿಯುತ್ತದೆ. ಅರ್ಧ ಮೀಟರ್ ಎತ್ತರಕ್ಕೆ ಈ ತೂಕದ ವ್ಯತ್ಯಾಸ ಕೊಡುವ ಒತ್ತಡ ಕೇವಲ ಏಳೆಂಟು ಮಿಲಿಮೀಟರ್ ನೀರಿನಷ್ಟು. ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೂ ಹರಿವು ನಿಂತೀತು. ಟ್ಯಾಂಕ್ ಪ್ಯಾನಲ್‌ಗಿಂತ ಸಾಕಷ್ಟು ಮೇಲಿಲ್ಲದಿದ್ದರೆ ರಾತ್ರಿ ಹರಿವು ತಿರುಗಿ, ಹಗಲಿಡೀ ಕಾದ ನೀರು ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ತಣಿಯುತ್ತದೆ.

ಟ್ಯಾಂಕಿನಿಂದ ಕೆಳಗಿನ ಲೆಕ್ಕ ಬೇರೆ. ಮುಕ್ಕಾಲಿಂಚಿನ ಪೈಪಿನಲ್ಲಿ 20 ಮೀಟರ್‌ಗೆ ಸುಮಾರು ಆರು ಲೀಟರ್ ನೀರು ನಿಂತಿರುತ್ತದೆ. ನೆಲಮಹಡಿಯವರು ನಲ್ಲಿ ತಿರುಗಿಸಿದಾಗ ಮೊದಲು ಬರುವುದು ರಾತ್ರಿಯಿಡೀ ಗೋಡೆಯೊಳಗೆ ತಣಿದ ಈ ಆರು ಲೀಟರ್. ಕವಚ ಹಾಕದ ಪೈಪಾದರೆ ಹಿಂದೆಯೇ ಬರುವ ಬಿಸಿನೀರಿನ ಶಾಖವನ್ನೂ ಗೋಡೆ ಹೀರುತ್ತದೆ. ಒತ್ತಡದ ವಿಷಯದಲ್ಲಿ ಮಾತ್ರ ಕೆಳಗಿನವರೇ ಅದೃಷ್ಟವಂತರು: ಹತ್ತು ಮೀಟರ್ ಇಳಿದರೆ ಒಂದು ಬಾರ್ ಒತ್ತಡ. ಅವರು ನಲ್ಲಿ ತೆರೆದರೆ ಮೇಲಿನವರ ಧಾರೆ ಸಣ್ಣಗಾಗುತ್ತದೆ.

ಎಲ್ಲಕ್ಕಿಂತ ಮೋಸದ ಕಾರಣ ಬಿಸಿನೀರು, ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿ. ತಣ್ಣೀರಿನ ಲೈನಿಗೆ ಮಾತ್ರ ಪ್ರೆಷರ್ ಪಂಪ್ ಕೂರಿಸಿ ಬಿಸಿನೀರನ್ನು ಗುರುತ್ವಕ್ಕೆ ಬಿಟ್ಟ ಮನೆಗಳು ಬಹಳ. ಅಂಥಲ್ಲಿ ಯಾರಾದರೂ ಎರಡೂ ತಿರುಪು ತೆರೆದೇ ಇಟ್ಟು ಹ್ಯಾಂಡ್ ಶವರಿನ ತುದಿಯಲ್ಲಷ್ಟೇ ನೀರು ನಿಲ್ಲಿಸಿದರೆ, ಜೋರಿನ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗಿ ಪಕ್ಕದ ಬಚ್ಚಲಲ್ಲಿ ಹೊರಬೀಳುತ್ತದೆ. ಪರೀಕ್ಷೆ ಸುಲಭ. ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ, ಕೆಳಗೆ ಬಿಸಿನೀರಿನ ನಲ್ಲಿ ತೆರೆಯಿರಿ. ಪೈಪಿನಲ್ಲಿದ್ದ ನೀರು ಖಾಲಿಯಾಗಿ ಧಾರೆ ನಿಲ್ಲಬೇಕು. ನಿಲ್ಲದೆ ತಣ್ಣಗೆ ಹರಿಯುತ್ತಲೇ ಇದ್ದರೆ ಎಲ್ಲೋ ಒಂದು ಮಿಕ್ಸರ್ ತಣ್ಣೀರು ಬೆರೆಸುತ್ತಿದೆ. ಆ ಮಿಕ್ಸರ್‌ನ ಬಿಸಿನೀರಿನ ಬದಿಗೆ, ನೀರನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವ್ ಹಾಕಿಸಿದರೆ ಕೆಲಸ ಮುಗಿಯಿತು.

ಒಂದೇ ಬಚ್ಚಲಿನ ನಲ್ಲಿ ಪುಸುಪುಸು ಎಂದು ಉಗುಳುತ್ತಿದ್ದರೆ ಆ ಪೈಪು ನಡುವೆ ಎಲ್ಲೋ ಮೇಲಕ್ಕೇರಿ ಇಳಿದಿರುತ್ತದೆ. ನೀರು ಕಾದಾಗ ಅದರಲ್ಲಿ ಕರಗಿದ್ದ ಗಾಳಿ ಬಿಡುಗಡೆಯಾಗಿ ಆ ಗೂನಿನಲ್ಲಿ ಸೇರಿಕೊಳ್ಳುತ್ತದೆ. ಪೈಪನ್ನು ಒಂದೇ ಇಳಿಜಾರಿಗೆ ತಂದರೆ ಸರಿಹೋಗುತ್ತದೆ.

ಎಲ್ಲ ಬಚ್ಚಲಲ್ಲೂ ನೀರು ತಣ್ಣಗಿದ್ದರೆ ಮಾತ್ರ ತಾರಸಿ ಹತ್ತಿ. ಮೊದಲು ದಕ್ಷಿಣಕ್ಕೆ ನೋಡಿ. ಡಿಸೆಂಬರ್ ಮಧ್ಯಾಹ್ನ ಬೆಂಗಳೂರಿನ ಸೂರ್ಯ ಕ್ಷಿತಿಜದಿಂದ ಸುಮಾರು 53 ಡಿಗ್ರಿಯಷ್ಟೇ ಮೇಲಿರುತ್ತಾನೆ. ನಿಮ್ಮ ಪ್ಯಾನಲ್‌ಗಿಂತ ಆರು ಮೀಟರ್ ಎತ್ತರ ಎದ್ದ ಪಕ್ಕದ ಗೋಡೆಯ ನೆರಳು ನಡುಹಗಲಲ್ಲೇ ನಾಲ್ಕೂವರೆ ಮೀಟರ್ ಚಾಚುತ್ತದೆ, ಬೆಳಗ್ಗೆ ಸಂಜೆ ಇನ್ನೂ ಉದ್ದ. ಗೋಡೆಗೆ ಗೋಡೆ ತಾಗಿದ ಶಿವಾಜಿನಗರ, ಹಲಸೂರಿನ ಗಲ್ಲಿಗಳಲ್ಲಿ ಈ ನೆರಳು ತಪ್ಪಿಸುವುದು ಕಷ್ಟ. ಪ್ಯಾನಲ್ ಜಾಗ ಬದಲಿಸಬೇಕು, ಇಲ್ಲವೇ ಎತ್ತರಿಸಬೇಕು.

ಆಮೇಲೆ ನೀರಿನ ಗುಣ. ಕೆ.ಆರ್. ಪುರದ ಆಚೆಯ ಬಡಾವಣೆಗಳು ಬಹುಕಾಲ ಬೋರ್‌ವೆಲ್ ಮತ್ತು ಟ್ಯಾಂಕರನ್ನೇ ನಂಬಿದ್ದವು. ನಗರದಂಚಿನ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದೇ 2024ರ ಅಕ್ಟೋಬರ್‌ನಲ್ಲಿ. ಗಡಸು ನೀರು ಕಾದಾಗ ಅದರ ಸುಣ್ಣ ಬೇರ್ಪಟ್ಟು, ಫ್ಲಾಟ್ ಪ್ಲೇಟ್ ಪ್ಯಾನಲ್‌ನ ಅರ್ಧ ಇಂಚಿನ ತಾಮ್ರದ ಕೊಳವೆಗೆ ಒಳಗಿನಿಂದ ಕಲ್ಲಿನಂತೆ ಕಟ್ಟಿಕೊಳ್ಳುತ್ತದೆ. ದಾರಿ ಕಿರಿದಾಗುತ್ತದೆ, ಶಾಖವೂ ನೀರಿಗೆ ಸರಿಯಾಗಿ ದಾಟುವುದಿಲ್ಲ. ಇದನ್ನು ತಂತ್ರಜ್ಞರಿಂದ ದುರ್ಬಲ ಆಮ್ಲ ಹಾಕಿಸಿಯೇ ತೊಳೆಸಬೇಕು. ಬೋರ್‌ವೆಲ್ ಮನೆಗೆ ಅಗಲ ಬಾಯಿಯ ಗಾಜಿನ ಟ್ಯೂಬ್‌ಗಳ ಸೋಲಾರ್ ಮೇಲು. ಆದರೆ ಬಿಸಿಲಲ್ಲಿ ಒಣಗಿ ಕಾದ ಗಾಜಿಗೆ ತಣ್ಣೀರು ಬಿಡಬೇಡಿ, ಸಿಡಿಯುತ್ತದೆ.

ಹೊಸ ಮನೆ ಕಟ್ಟಿಸುವವರಿಗೆ ಒಂದು ಮಾತು. ಬಚ್ಚಲುಗಳು ಒಂದರ ಮೇಲೊಂದು ಬರುವಂತೆ ನಕ್ಷೆ ಮಾಡಿಸಿ, ಗೋಡೆ ಮುಚ್ಚುವ ಮುಂಚೆಯೇ ಬಿಸಿನೀರಿನ ಪೈಪಿಗೆ ಕವಚ ಹಾಕಿಸಿ. ಟೈಲ್ಸ್ ಕೂರಿಸಿದ ಮೇಲೆ ಅದನ್ನು ಒಡೆಯದೆ ಕವಚ ಹಾಕಿಸಲಾಗದು.