ನಕ್ಷೆಯಿಂದ ಜಲಾಶಯ ಮಾಯವಾದರೆ ಯಾರೋ ಅಳಿಸಿದ್ದಾರೆ ಎಂದರ್ಥವೇ?

ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಇದನ್ನು ಆರಂಭಿಸಿದರು. ಇಂಥ ನಕ್ಷೆಯಲ್ಲಿ ನಿನ್ನೆ ಇದ್ದ ದೊಡ್ಡ ಕಾಡೋ ಜಲಾಶಯವೋ ಇಂದು ಕಾಣದಿದ್ದರೆ, ಯಾರೋ ಬೇಕೆಂದೇ ಅಳಿಸಿದ್ದಾರೆ ಎಂದು ನಾವು ಭಾವಿಸುತ್ತೇವೆ. ಹಾಗೂ ಆಗಬಹುದು. ಆದರೆ ಬಹುತೇಕ ಮಾಹಿತಿ ಅಲ್ಲೇ ಇದ್ದು, ಎಲ್ಲೋ ಒಂದು ಕೊಂಡಿ ಮಾತ್ರ ಕಳಚಿರುವ ಸಾಧ್ಯತೆಯೂ ಇದೆ. ಅದು ಹೇಗೆ ಎಂದು ನೋಡೋಣ.

ದೊಡ್ಡ ಆಕೃತಿ ಒಂದೇ ಚಿತ್ರವಲ್ಲ

ಈ ನಕ್ಷೆಯ ಮೂಲ ಘಟಕ ಚುಕ್ಕಿ. ಅಕ್ಷಾಂಶ, ರೇಖಾಂಶ ಇರುವ ಚುಕ್ಕಿಯನ್ನು ನೋಡ್ ಎನ್ನುತ್ತಾರೆ. ಚುಕ್ಕಿಗಳನ್ನು ಸಾಲಾಗಿ ಜೋಡಿಸಿದರೆ ಗೆರೆ, ಅಂದರೆ ವೇ. ಒಂದು ಗೆರೆಯಲ್ಲಿ ಹೆಚ್ಚೆಂದರೆ 2000 ಚುಕ್ಕಿಗಳಿರಬಹುದು. ಊರಿನ ಸಣ್ಣ ಕೆರೆಗೆ ಒಂದು ಗೆರೆ ಸಾಕು.

ಶಿವಮೊಗ್ಗ ಜಿಲ್ಲೆಯ ಲಿಂಗನಮಕ್ಕಿ ಜಲಾಶಯವನ್ನು ಊಹಿಸಿಕೊಳ್ಳಿ. ಶರಾವತಿಯ ಹಿನ್ನೀರು ಕಣಿವೆ ಕಣಿವೆಗೂ ನುಗ್ಗಿ ಬೆರಳುಗಳಂತೆ ಚಾಚಿದೆ, ನಡುವೆ ನಡುಗಡ್ಡೆಗಳಿವೆ. ಇಂಥ ದಡವನ್ನು ಸೂಕ್ಷ್ಮವಾಗಿ ಬಿಡಿಸಲು ಹಲವು ಗೆರೆಗಳು ಬೇಕು. ಅವನ್ನೆಲ್ಲ ಹಿಡಿದಿಡುವುದು ರಿಲೇಶನ್ ಎಂಬ ಪಟ್ಟಿ. ಯಾವ ಗೆರೆ ಹೊರ ಅಂಚು, ಯಾವುದು ಒಳಗಿನ ನಡುಗಡ್ಡೆ ಎಂದು ಈ ಪಟ್ಟಿ ಹೇಳುತ್ತದೆ. ಹೀಗೆ ಕಟ್ಟಿದ ಆಕೃತಿಗೆ ಮಲ್ಟಿಪಾಲಿಗನ್ ಎಂದು ಹೆಸರು. ‘ಇದು ನೀರು’ ಎಂಬ ಗುರುತು ಇರುವುದು ಪಟ್ಟಿಯ ಮೇಲೆ, ಬಿಡಿ ಗೆರೆಗಳ ಮೇಲಲ್ಲ.

ಒಂದು ಕೊಂಡಿ ಕಳಚಿದರೆ?

ಹೊರ ಅಂಚು ಪೂರ್ತಿ ಮುಚ್ಚಿದ್ದರೆ ಮಾತ್ರ ಒಳಗೆ ಯಾವುದು, ಹೊರಗೆ ಯಾವುದು ಎಂದು ಕಂಪ್ಯೂಟರಿಗೆ ತಿಳಿಯುತ್ತದೆ. ಬೇಲಿಯಲ್ಲಿ ಒಂದು ಕಂಡಿ ಉಳಿದರೂ ನಕ್ಷೆ ಬಿಡಿಸುವ ತಂತ್ರಾಂಶ ಆಕೃತಿಯನ್ನೇ ಕೈಬಿಡಬಹುದು.

ಬ್ರೌಸರಿನಲ್ಲಿ ಬಳಸುವ ಐಡಿ ಎಡಿಟರ್ ನಾವು ನೋಡುತ್ತಿರುವ ಪ್ರದೇಶದ ಮಾಹಿತಿಯನ್ನಷ್ಟೇ ತರುತ್ತದೆ. ಆಗ ಕಾಣುವುದು ಜಲಾಶಯದ ಒಂದೆರಡು ಗೆರೆ ಮಾತ್ರ. ‘ಹೆಸರಿಲ್ಲದ ಗೆರೆ, ಬೇಡದ್ದಿರಬೇಕು’ ಎಂದು ಅದನ್ನು ಪಟ್ಟಿಯಿಂದ ತೆಗೆದರೆ, ಹತ್ತಾರು ಕಿಲೋಮೀಟರ್ ದೂರದ ನೀರೂ ನಕ್ಷೆಯಿಂದ ಮರೆಯಾಗಬಹುದು.

ಇಬ್ಬರು ಒಟ್ಟಿಗೆ ತಿದ್ದಿದರೆ?

ಪ್ರತಿ ಘಟಕಕ್ಕೂ ಆವೃತ್ತಿ ಸಂಖ್ಯೆ ಇರುತ್ತದೆ. ಚುಕ್ಕಿಯೊಂದನ್ನು ಸರಿಸಿದರೆ ಬದಲಾಗುವುದು ಆ ಚುಕ್ಕಿ ಮಾತ್ರ. ಗೆರೆಯನ್ನು ಎರಡಾಗಿ ತುಂಡರಿಸಿದರೆ ಹಾಗಲ್ಲ, ಪಟ್ಟಿಯೂ ಬದಲಾಗುತ್ತದೆ. ಒಬ್ಬರು ಉತ್ತರದ ದಡದಲ್ಲಿ, ಇನ್ನೊಬ್ಬರು ದಕ್ಷಿಣದ ದಡದಲ್ಲಿ ಗೆರೆ ತುಂಡರಿಸಿದರೂ ಇಬ್ಬರೂ ಮುಟ್ಟಿದ್ದು ಒಂದೇ ಪಟ್ಟಿಯನ್ನು. ಮೊದಲು ಉಳಿಸಿದವರದ್ದು ಸೇರುತ್ತದೆ. ಎರಡನೆಯವರಿಗೆ ಸರ್ವರ್ ‘ಘರ್ಷಣೆ’ ಎಂದು ತಿಳಿಸುತ್ತದೆ. ಆಗ ಅವಸರದಲ್ಲಿ ‘ನನ್ನದೇ ಇರಲಿ’ ಎಂದು ಒತ್ತಿದರೆ ಮೊದಲನೆಯವರ ಕೆಲಸ ಕೆಡಬಹುದು.

ದೊಡ್ಡದಾದಷ್ಟೂ ನಿಖರವೇ?

ಇದೂ ಒಂದು ತಪ್ಪು ಕಲ್ಪನೆ. ಇಡೀ ಕಾಡನ್ನು ಒಂದೇ ಆಕೃತಿಯಾಗಿ ಬಿಡಿಸಿ, ಅಂಚನ್ನು ರಸ್ತೆಗೆ ಅಂಟಿಸಿದರೆ ನಿಖರತೆ ಹೆಚ್ಚುವುದಿಲ್ಲ. ನಾಳೆ ರಸ್ತೆಯನ್ನು ಸರಿಪಡಿಸುವವರು ಗೊತ್ತಿಲ್ಲದೆ ಕಾಡನ್ನೂ ಎಳೆದಾಡುತ್ತಾರೆ. ರಸ್ತೆ, ಹಳ್ಳಗಳಂಥ ಸಹಜ ಗಡಿಗಳಲ್ಲಿ ಕಾಡನ್ನು ಚಿಕ್ಕ ಆಕೃತಿಗಳಾಗಿ ಬೇರ್ಪಡಿಸಿದರೆ ತಪ್ಪಾದರೂ ಹಾನಿ ಅಷ್ಟಕ್ಕೇ ನಿಲ್ಲುತ್ತದೆ.

ತಿದ್ದುವಾಗ ಏನು ಗಮನಿಸಬೇಕು?

• ಗೆರೆಯನ್ನು ಅಳಿಸುವ ಮುನ್ನ ಅದು ಯಾವ ರಿಲೇಶನ್‌ಗೆ ಸೇರಿದೆ ಎಂದು ನೋಡಿ.
• ದೊಡ್ಡ ಆಕೃತಿಗೆ ಜೆಓಎಸ್‌ಎಂ ತಂತ್ರಾಂಶ ಬಳಸಿ, ಎಲ್ಲ ಸದಸ್ಯ ಗೆರೆಗಳನ್ನು ಇಳಿಸಿಕೊಳ್ಳಿ. ಉಳಿಸುವ ಮುನ್ನ ಅದರ ದೋಷ ಪರೀಕ್ಷೆ ನಡೆಸಿ.
• ಸ್ವಲ್ಪ ಸ್ವಲ್ಪವೇ ತಿದ್ದಿ, ಆಗಾಗ ಉಳಿಸಿ.
• ಆಕೃತಿ ಕಾಣದಿದ್ದರೆ ಹೊಸದಾಗಿ ಬಿಡಿಸಬೇಡಿ. ಮೊದಲು ಅದರ ಇತಿಹಾಸ ನೋಡಿ. ಹಳೆಯ ಆವೃತ್ತಿಗಳು ಅಲ್ಲೇ ಇರುತ್ತವೆ.

ಇದು ಯಾಕೆ ಮುಖ್ಯ?

2010ರ ಹೈಟಿ ಭೂಕಂಪದ ನಂತರ ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಇದೇ ನಕ್ಷೆಯಲ್ಲಿ ರಸ್ತೆಗಳನ್ನು ಬಿಡಿಸಿದರು, ಪರಿಹಾರ ತಂಡಗಳು ಅದನ್ನು ಬಳಸಿದವು. ಇಂಟರ್ನೆಟ್ ಇಲ್ಲದೆಯೂ ನಡೆಯುವ ಹಲವು ಆ್ಯಪ್‌ಗಳು ಈ ಮಾಹಿತಿಯ ನಕಲನ್ನು ಫೋನಿನಲ್ಲಿಟ್ಟುಕೊಳ್ಳುತ್ತವೆ. ಇಲ್ಲಿ ಹತ್ತು ನಿಮಿಷದಲ್ಲಿ ಸರಿಯಾದ ತಪ್ಪು, ಆ ನಕಲು ನವೀಕರಣವಾಗುವವರೆಗೆ ಅಲ್ಲಿ ಹಾಗೆಯೇ ಉಳಿಯುತ್ತದೆ. ನೀರಿರುವ ಜಾಗ ಖಾಲಿ ನೆಲದಂತೆ ಕಂಡರೆ ತೊಂದರೆ ನಕ್ಷೆ ನಂಬಿ ಹೊರಟವರಿಗೆ.

ಹಾಗಾಗಿ ನಕ್ಷೆಯಲ್ಲಿ ಜಲಾಶಯ ಕಾಣದಿದ್ದರೆ ಕಿಡಿಗೇಡಿಯನ್ನು ಹುಡುಕುವ ಮೊದಲು, ಕಳಚಿದ ಕೊಂಡಿಯನ್ನು ಹುಡುಕೋಣ.