ನಿಮಗಿದು ಗೊತ್ತೆ?
ಗಾಳ ಹಾಕುವುದನ್ನು ಬರೆದಿಟ್ಟ ದೊರೆ

ಮೋಜಿಗಾಗಿ ಮೀನು ಹಿಡಿಯುವುದು ಹೇಗೆ ಎಂದು ಸುಮಾರು 900 ವರ್ಷಗಳ ಹಿಂದೆಯೇ ನಮ್ಮ ಭಾಗದ ದೊರೆಯೊಬ್ಬ ಬರೆದಿಟ್ಟಿದ್ದಾನೆ!

ಅವನೇ ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ. ಇಂದಿನ ಯಾದಗಿರಿ, ಶಹಾಪುರ, ಸುರಪುರದ ನೆಲವೂ ಆಗ ಚಾಲುಕ್ಯರದೇ. ಶಹಾಪುರ ತಾಲ್ಲೂಕಿನ ಶಿರವಾಳದಲ್ಲಿ ಆ ಕಾಲದ ಗುಡಿಗಳನ್ನು ಇಂದಿಗೂ ನೋಡಬಹುದು. 1126ರಲ್ಲಿ ಪಟ್ಟಕ್ಕೆ ಬಂದ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ‘ಮತ್ಸ್ಯವಿನೋದ’ಕ್ಕೇ ಒಂದು ಅಧ್ಯಾಯ. ಆನೆ ಕಾಳಗ, ಕುಸ್ತಿ, ಕೋಳಿ ಜಗಳದ ಸಾಲಿನಲ್ಲಿ ಗಾಳಕ್ಕೂ ಜಾಗ!

ಸುಮಾರು 35 ಬಗೆಯ ಮೀನುಗಳ ಹೆಸರುಗಳು ಅದರಲ್ಲಿವೆ. ಸಮುದ್ರದವು, ನದಿಯವು, ಹುರುಪೆ ಇರುವವು, ಇಲ್ಲದವು ಎಂದು ವಿಂಗಡಣೆಯೂ ಇದೆ. ರಾಜಧಾನಿಯಿಂದ ಸಮುದ್ರ ದೂರ, ನಿಜ. ಆದರೆ ರಾಜ್ಯದ ಅಂಚು ಕೊಂಕಣ ತೀರ ಮುಟ್ಟಿತ್ತು. ಯಾವ ಮೀನಿಗೆ ಯಾವ ಮೇವು, ಕೋಲು ಹೇಗಿರಬೇಕು, ದಾರ ಎಂಥದ್ದು ಎಂಬುದನ್ನೂ ದೊರೆ ಬಿಟ್ಟಿಲ್ಲ. ಭೀಮೆಯ ದಂಡೆಯಲ್ಲಿ ಗಾಳ ಹಿಡಿದು ಕೂತವರು ಓದಲೇಬೇಕಾದ ಅಧ್ಯಾಯ!

ಹಿಡಿದ ಮೇಲೇನು? ಮೀನಿನ ಅಡುಗೆ ಮಾಡುವ ಬಗೆಯೂ ಅದೇ ಗ್ರಂಥದಲ್ಲಿದೆ.